ಬಿಸಿಲುನಾಡಿನ ಕೆರೆಗಳಲ್ಲಿ ಮರಲ್ ಮೀನಿಗೆ ಗಾಳ: ಹೊಸಬರಿಗೊಂದು ಕೈಪಿಡಿ

ಮೊಬೈಲಿನಲ್ಲಿ ಬಾಸ್ ಮೀನು ಹಿಡಿಯುವ ವಿಡಿಯೊಗಳನ್ನು ನೋಡಿ ಆಸೆಪಟ್ಟು, ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕೆರೆಗಳಲ್ಲಿ ಆ ಮೀನು ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವ ಹುಡುಗರು ಈಗ ಆಗಾಗ ಎದುರಾಗುತ್ತಾರೆ. ದೊಡ್ಡಬಾಯಿ ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ನಮ್ಮ ಹೊಳೆ ಕೆರೆಗಳಲ್ಲಿ ಅದು ಇಲ್ಲ, ಇರಲೂಬಾರದು. ಆದರೆ ಆ ಮೀನನ್ನು ಹಿಡಿಯುವ ಹವ್ಯಾಸದಲ್ಲಿ ಜನರಿಗೆ ಏನು ಹಿಡಿಸುತ್ತದೆಯೋ ಅದೆಲ್ಲವೂ, ಅಂದರೆ ಬೆಳಗಿನ ನೀರಿನ ಅಂಚಿನಲ್ಲಿ ಸದ್ದಿಲ್ಲದೆ ನಡೆಯುವುದು, ಜೊಂಡಿನ ಯಾವ ಸಂದಿಯಲ್ಲಿ ಮೀನು ಅಡಗಿರಬಹುದೆಂದು ಊಹಿಸುವುದು, ಊಹೆ ನಿಜವಾದ ಕ್ಷಣದಲ್ಲಿ ನೀರು ಸಿಡಿದು ಕೈಯಲ್ಲಿನ ರಾಡ್ ಬಾಗುವುದು, ಇವೆಲ್ಲವೂ ನಮ್ಮ ಮರಲ್ ಮೀನಿನಲ್ಲಿ ಸಿಗುತ್ತವೆ. ಈ ಬರಹ ಆ ಮೀನಿಗೆ ಗಾಳ ಹಾಕುವುದನ್ನು ಕಲಿಯಬೇಕೆನ್ನುವವರಿಗಾಗಿ ಇದೆ.

ಎರಡೂ ಮೀನುಗಳ ನಡುವೆ ರಕ್ತಸಂಬಂಧವಿಲ್ಲದಿದ್ದರೂ ಬದುಕುವ ರೀತಿಯಲ್ಲಿ ಹೋಲಿಕೆ ಬಹಳವಿದೆ. ಎರಡೂ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಕ್ಕಿಂತ ಹೊಂಚುಹಾಕಿ ಹಿಡಿಯುವ ಮೀನುಗಳು. ಎರಡಕ್ಕೂ ಕಳೆ, ಬೇರು, ಮುಳುಗಿದ ಮರ, ಕಲ್ಲಿನ ನೆರಳು ಬೇಕು. ಕಪ್ಪೆಯೊಂದು ನೀರಿನ ಮೇಲೆ ಈಜಿ ಹೋದರೆ ಎರಡೂ ಸುಮ್ಮನಿರುವುದಿಲ್ಲ. ಬಾಸ್‌ನಲ್ಲಿ ಗಂಡು ಗೂಡನ್ನು ಕಾಯುತ್ತದೆ, ಮರಲ್‌ನಲ್ಲಿ ತಂದೆತಾಯಿ ಮೀನುಗಳು ಮರಿಗಳ ಗುಂಪನ್ನು ಬೆನ್ನುಬಿಡದೆ ಕಾಯುತ್ತವೆ. ಹೀಗಾಗಿ ಬಾಸ್‌ಗೆಂದೇ ಅಲ್ಲಿ ತಯಾರಾದ ರಬ್ಬರ್ ಕಪ್ಪೆ, ಚಮಚೆಯಾಕಾರದ ಲೋಹದ ಎರೆ, ಗಟ್ಟಿ ರಾಡ್ ಇವೆಲ್ಲ ಹೆಚ್ಚೇನೂ ಬದಲಾವಣೆಯಿಲ್ಲದೆ ಇಲ್ಲಿಯೂ ಕೆಲಸಕ್ಕೆ ಬರುತ್ತವೆ.

ಬಾಸ್ ಇಲ್ಲಿ ಇರಲೂಬಾರದು ಎಂದದ್ದಕ್ಕೆ ಕಾರಣವಿದೆ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸ್ ತೂಕದ ಬಾಸ್‌ನ ವಿಶ್ವದಾಖಲೆಯನ್ನು 2009ರಲ್ಲಿ ಸರಿಗಟ್ಟಿದ್ದು ಜಪಾನಿನ ಬಿವಾ ಸರೋವರದ ಮೀನು. ಹವ್ಯಾಸಿಗಳು ಅದನ್ನು ಸಂಭ್ರಮದಿಂದ ನೆನೆಯುತ್ತಾರೆ. ಆದರೆ ಅದೇ ಜಪಾನು 2005ರಲ್ಲಿಯೇ ಬಾಸ್ ಅನ್ನು ಸ್ಥಳೀಯ ಜೀವಿಗಳಿಗೆ ಕುತ್ತು ತರುವ ಹೊರಗಿನ ಪ್ರಭೇದವೆಂದು ಕಾನೂನಿನ ಮೂಲಕ ನಿರ್ಬಂಧಿಸಿತ್ತು. ಹೊರಗಿನ ಬೇಟೆಗಾರ ಮೀನೊಂದು ಕೆರೆಗೆ ಸೇರಿದರೆ ಅದನ್ನು ತೆಗೆದುಹಾಕುವುದು ಬಹುಮಟ್ಟಿಗೆ ಅಸಾಧ್ಯ. ನಮ್ಮಲ್ಲಿ ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಗಾಳಕ್ಕೆ ಸಿಕ್ಕರೆ ಅದನ್ನು ಮರಳಿ ನೀರಿಗೆ ಬಿಡಬಾರದು. ಹಾಗೆಯೇ ಒಂದು ಕೆರೆಯ ಮೀನನ್ನು ಇನ್ನೊಂದು ಕೆರೆಗೆ ಒಯ್ದು ಬಿಡುವ ಉಸಾಬರಿಗೂ ಹೋಗಬಾರದು.

ನಮ್ಮ ಮರಲ್‌ನಲ್ಲಿ ಮುಖ್ಯವಾಗಿ ಎರಡು ಬಗೆಗಳನ್ನು ಗುರುತಿಸಬೇಕು. ಕೆರೆ, ಹೊಂಡ, ಕಾಲುವೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೈಮೇಲೆ ಮಾಸಲು ಅಡ್ಡಪಟ್ಟೆಗಳಿರುವ ಮರಲ್. ತೆಲಂಗಾಣದ ಗಡಿಯವರು ಇದನ್ನೇ ಕೊರಮೀನು ಎನ್ನುತ್ತಾರೆ, ಆ ರಾಜ್ಯದ ರಾಜ್ಯಮೀನು ಕೂಡ ಇದೇ. ದೊಡ್ಡ ಜಲಾಶಯ ಮತ್ತು ಹೊಳೆಯ ಆಳದ ಮಡುಗಳಲ್ಲಿ ಇರುವುದು ಇದಕ್ಕಿಂತ ಬಹಳ ದೊಡ್ಡದಾಗಿ, ಒಂದು ಮೀಟರಿಗೂ ಮೀರಿ ಬೆಳೆಯಬಲ್ಲ ಹೂಮರಲ್. ಎರಡರ ತಲೆಯೂ ಹಾವಿನ ತಲೆಯಂತೆ ಚಪ್ಪಟೆಯಾಗಿದ್ದು ದೊಡ್ಡ ಪೊರೆಗಳಿಂದ ಮುಚ್ಚಿರುತ್ತದೆ. ಈ ಮೀನಿನ ಬಗ್ಗೆ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಅದು ಕಿವಿರುಗಳಿಂದ ಮಾತ್ರ ಬದುಕುವುದಿಲ್ಲ. ತಲೆಯೊಳಗಿನ ವಿಶೇಷ ಅಂಗದ ಸಹಾಯದಿಂದ ನೇರವಾಗಿ ಗಾಳಿಯನ್ನು ಉಸಿರಾಡುತ್ತದೆ, ಅದಕ್ಕಾಗಿ ಆಗಾಗ ನೀರಿನ ಮೇಲಕ್ಕೆ ಬರಲೇಬೇಕು. ಬೇಸಿಗೆಯಲ್ಲಿ ಕೆರೆ ಬತ್ತಿ ಉಳಿದ ಮೀನುಗಳೆಲ್ಲ ಸಾಯುವಾಗ ಮರಲ್ ಕೆಸರಿನಲ್ಲಿ ಉಳಿದುಕೊಳ್ಳುವುದು ಇದರಿಂದಲೇ, ಮತ್ತು ಗಾಳ ಹಿಡಿದವನಿಗೆ ಅದು ತನ್ನ ಜಾಗವನ್ನು ತೋರಿಸಿಕೊಡುವುದೂ ಇದರಿಂದಲೇ.

ಎಲ್ಲಿ ಹೋಗಬೇಕು, ಯಾರನ್ನು ಕೇಳಬೇಕು

ಮೂರು ಜಿಲ್ಲೆಗಳಲ್ಲಿ ನೀರಿಗೆ ಕೊರತೆ ಇದೆ ಎಂಬ ಮಾತು ಬೇಸಾಯದ ಮಟ್ಟಿಗೆ ನಿಜವಾದರೂ, ಗಾಳದವನ ಮಟ್ಟಿಗೆ ಅಷ್ಟು ನಿಜವಲ್ಲ. ಬೀದರ್ ಜಿಲ್ಲೆಯಲ್ಲಿ ಮಾಂಜ್ರಾ ಹೊಳೆ ಮತ್ತು ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯವಿದೆ. ಈ ನೀರು ಗೋದಾವರಿಯ ಕಡೆಗೆ ಹೋಗುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಭೀಮೆ, ಕಾಗಿಣಾ, ಹೇರೂರಿನ ಬಳಿಯ ಬೆಣ್ಣೆತೊರಾ, ಆಳಂದ ತಾಲ್ಲೂಕಿನ ಅಮರ್ಜಾ, ಗಂಡೋರಿ ನಾಲಾ ಇವೆ. ಯಾದಗಿರಿಯಲ್ಲಿ ಹತ್ತಿಕುಣಿ ಜಲಾಶಯವಿದೆ, ದಕ್ಷಿಣದಂಚಿಗೆ ಕೃಷ್ಣೆ ಮತ್ತು ನಾರಾಯಣಪುರದ ಬಸವಸಾಗರದ ಹಿನ್ನೀರು ಇದೆ. ಆದರೂ ಹೊಸಬರು ದೊಡ್ಡ ಜಲಾಶಯದಿಂದ ಆರಂಭಿಸುವುದು ಬೇಡ. ಅಷ್ಟು ವಿಶಾಲವಾದ ನೀರಿನಲ್ಲಿ ಮೀನು ಎಲ್ಲಿದೆ ಎಂಬ ಸುಳಿವೇ ಸಿಗದೆ ಮನಸ್ಸು ಮುರಿಯುತ್ತದೆ. ಊರಿನ ಹತ್ತಿರದ ಒಂದು ಸಣ್ಣ ಕೆರೆ ಅಥವಾ ಹಳ್ಳದ ಒಂದು ಮಡುವನ್ನು ಆರಿಸಿಕೊಂಡು, ವರ್ಷವಿಡೀ ಅದೇ ಜಾಗಕ್ಕೆ ಹೋಗುವುದು ಒಳ್ಳೆಯದು. ಒಂದೇ ನೀರನ್ನು ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ನೋಡಿದವರಿಗೆ ಮಾತ್ರ ಅದರ ತಳ ಎಲ್ಲಿ ಇಳಿಜಾರಾಗಿದೆ, ಎಲ್ಲಿ ಬಂಡೆಯಿದೆ ಎಂಬುದು ತಿಳಿಯುತ್ತದೆ.

ಬಹುತೇಕ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಅಥವಾ ಗ್ರಾಮ ಪಂಚಾಯಿತಿ ಗುತ್ತಿಗೆಗೆ ಕೊಟ್ಟಿರುತ್ತದೆ, ಹಲವೆಡೆ ಆ ಗುತ್ತಿಗೆ ಮೀನುಗಾರರ ಸಹಕಾರ ಸಂಘದ ಬಳಿ ಇರುತ್ತದೆ. ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ, 1996 ಈ ವ್ಯವಸ್ಥೆಯ ಹಿಂದಿರುವ ಕಾನೂನು. ಆದ್ದರಿಂದ ಗಾಳ ಹಾಕುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ, ಗುತ್ತಿಗೆದಾರರ ಒಪ್ಪಿಗೆ ಪಡೆಯಬೇಕು. ಇದು ಕಾಗದದ ಮರ್ಯಾದೆ ಮಾತ್ರವಲ್ಲ. ಆ ಕೆರೆಯಲ್ಲಿ ಮರಿ ಬಿಟ್ಟು, ರಾತ್ರಿ ಕಾವಲು ಕಾದು, ಬಲೆ ಹೆಣೆದು ಬದುಕುವವರ ಅನ್ನದ ಪಾಲಿನಲ್ಲಿ ನಾವು ಹವ್ಯಾಸಕ್ಕಾಗಿ ಕೈಹಾಕುತ್ತಿದ್ದೇವೆ. ಅವರ ಬಲೆಯ ಬೆಂಡುಗಳು ತೇಲುತ್ತಿರುವ ಕಡೆ ಗಾಳ ಎಸೆಯಬಾರದು, ಅವರು ಬಿಟ್ಟ ಕಟ್ಲಾ, ರೋಹು ಮೀನುಗಳನ್ನು ಕೇಳದೆ ಒಯ್ಯಬಾರದು. ಹೀಗೆ ನಡೆದುಕೊಂಡವರಿಗೆ ಸಿಗುವ ಲಾಭವೂ ದೊಡ್ಡದು, ಏಕೆಂದರೆ ಕೆರೆಯನ್ನು ಅಂಬಿಗರಷ್ಟು ಬಲ್ಲವರು ಬೇರೆ ಯಾರೂ ಇಲ್ಲ.

ಗಾಳವನ್ನು ಒಯ್ಯಲೇಬಾರದ ಜಾಗಗಳೂ ಇವೆ. ಚಿಂಚೋಳಿಯ ಕಾಡು ವನ್ಯಜೀವಿಧಾಮವಾಗಿದೆ, ಚಂದ್ರಂಪಳ್ಳಿಯ ನೀರು ಅದರ ಒಡಲಿನಲ್ಲಿದೆ; ಸುರಪುರದ ಬಳಿಯ ಬೋನಾಳ ಕೆರೆ ಹಕ್ಕಿಗಳದ್ದು. ಅಲ್ಲಿಗೆ ಬೈನಾಕ್ಯುಲರ್ ಹಿಡಿದು ಹೋಗಬೇಕು, ರಾಡ್ ಹಿಡಿದಲ್ಲ.

ಸಾಮಗ್ರಿ

ಮರಲ್ ಮೀನಿನ ಹೋರಾಟ ದೂರದ ಓಟದ್ದಲ್ಲ, ಹತ್ತಿರದ ಜಗ್ಗಾಟದ್ದು. ಗಾಳ ಕಚ್ಚಿದ ಮರುಕ್ಷಣ ಅದು ಜೊಂಡಿನ ಬುಡಕ್ಕೋ ಕಲ್ಲಿನ ಸಂದಿಗೋ ನುಗ್ಗುತ್ತದೆ, ಅಲ್ಲಿಗೆ ಹೋಗಲು ಬಿಟ್ಟರೆ ಮೀನು ನಮ್ಮದಲ್ಲ. ಆದುದರಿಂದ ತೆಳ್ಳಗೆ ಬಳುಕುವ ರಾಡ್ ಇಲ್ಲಿಗೆ ಸಲ್ಲದು. ಆರೂವರೆಯಿಂದ ಏಳು ಅಡಿ ಉದ್ದದ, ಮೀಡಿಯಂ ಹೆವಿ ಎಂದು ಬರೆದಿರುವ ರಾಡ್ ಸಾಕು. ರೀಲ್‌ನಲ್ಲಿ 2500 ಅಥವಾ 3000 ಅಳತೆಯ, ರಾಡ್‌ನ ಕೆಳಗೆ ತೂಗುವ ಸ್ಪಿನ್ನಿಂಗ್ ರೀಲ್ ಹೊಸಬರಿಗೆ ಅನುಕೂಲ. ರಾಡ್‌ನ ಮೇಲೆ ಕೂರುವ ಬೇಟ್‌ಕಾಸ್ಟಿಂಗ್ ರೀಲ್ ಕೈಗೆ ಪಳಗಲು ಸಮಯ ಬೇಕು, ಅದನ್ನು ಆಮೇಲೆ ನೋಡಿಕೊಳ್ಳಬಹುದು. ಲೈನ್, ಅಂದರೆ ಗಾಳದ ದಾರದ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬಾರದು. ಹೆಣೆದ ಬ್ರೇಡ್ ಲೈನ್, 30ರಿಂದ 40 ಪೌಂಡ್ ತಡೆಯುವಂಥದ್ದು ಇರಲಿ. ಅದು ಹಿಗ್ಗುವುದಿಲ್ಲವಾದ್ದರಿಂದ ದೂರದಲ್ಲಿ ಮೀನು ಮುಟ್ಟಿದ್ದು ಬೆರಳಿಗೆ ತಿಳಿಯುತ್ತದೆ, ಕಳೆಯ ದಂಟುಗಳನ್ನು ಕೊಯ್ದುಕೊಂಡು ಬರುತ್ತದೆ. ಆದರೆ ಚೂಪು ಕಲ್ಲಿಗೆ ಉಜ್ಜಿದರೆ ಬೇಗ ಹರಿಯುತ್ತದೆ, ಹೀಗಾಗಿ ಕಲ್ಲು ಕಟ್ಟಿದ ಒಡ್ಡಿನ ಬಳಿ ಹಾಕುವಾಗ ತುದಿಗೆ ಎರಡು ಅಡಿ ಉದ್ದದ ದಪ್ಪ ನೈಲಾನ್ ದಾರದ ತುಂಡನ್ನು (ಲೀಡರ್) ಕಟ್ಟಿಕೊಳ್ಳಬೇಕು.

ಗಂಟು ಕಲಿಯಲು ಒಂದು ಸಂಜೆ ಮೀಸಲಿಡಿ. ಬ್ರೇಡ್ ಲೈನ್ ನುಣುಪಾಗಿರುವುದರಿಂದ ಸಾಮಾನ್ಯ ಗಂಟು ಜಾರಿಹೋಗುತ್ತದೆ. ಪಾಲೊಮಾರ್ ಗಂಟು ಜಾರುವುದಿಲ್ಲ, ಕಲಿಯಲೂ ಸುಲಭ. ಲೈನಿನ ತುದಿಯನ್ನು ಅರ್ಧ ಅಡಿಯಷ್ಟು ಮಡಚಿ ಜೋಡಿಯಾಗಿಸಿಕೊಂಡು, ಆ ಮಡಿಕೆಯನ್ನು ಗಾಳದ ಕಣ್ಣಿನೊಳಗೆ ತೂರಿಸಬೇಕು. ತೂರಿ ಬಂದ ಮಡಿಕೆಯಿಂದ, ಹಿಂದಿನ ಜೋಡಿ ಎಳೆಯನ್ನು ಸುತ್ತಿ ಒಂದು ಸಾದಾ ಸಡಿಲ ಗಂಟು ಹಾಕಬೇಕು. ಈಗ ಗಾಳ ಆ ಗಂಟಿನ ಕೆಳಗೆ ತೂಗುತ್ತಿರುತ್ತದೆ, ಮೇಲೆ ಒಂದು ಕುಣಿಕೆ ಉಳಿದಿರುತ್ತದೆ. ಆ ಕುಣಿಕೆಯನ್ನು ಅಗಲಿಸಿ ಇಡೀ ಗಾಳವನ್ನು ಅದರೊಳಗಿಂದ ದಾಟಿಸಿ, ಉಗುಳಿನಿಂದಲೋ ನೀರಿನಿಂದಲೋ ಒದ್ದೆ ಮಾಡಿ, ಎರಡೂ ಎಳೆಗಳನ್ನು ಒಟ್ಟಿಗೆ ನಿಧಾನವಾಗಿ ಜಗ್ಗಿ ಬಿಗಿಯಬೇಕು. ಒಣಗಿದ್ದಾಗ ಬಿಗಿದರೆ ಉಜ್ಜಾಟದ ಬಿಸಿಗೆ ಲೈನ್ ಅಲ್ಲಿಯೇ ಸೊರಗುತ್ತದೆ. ಕುಣಿಕೆಯನ್ನು ಮೊದಲೇ ಉದ್ದವಾಗಿ ಬಿಟ್ಟುಕೊಂಡಿರದಿದ್ದರೆ ರಬ್ಬರ್ ಕಪ್ಪೆ ಅದರಲ್ಲಿ ದಾಟುವುದಿಲ್ಲ ಎಂಬುದು ನೆನಪಿರಲಿ.

ರಬ್ಬರ್ ಕಪ್ಪೆಯೇ ಈ ಬೇಟೆಯ ಜೀವಾಳ. ಟೊಳ್ಳಾದ ಮೆತ್ತನೆಯ ಮೈಗೆ ಆತುಕೊಂಡಂತೆ ಎರಡು ಗಾಳಗಳ ಮೊನೆಗಳು ಬೆನ್ನಿನ ಮೇಲೆ ಮಲಗಿರುತ್ತವೆ. ಕಳೆಯ ಮೇಲೆ ಎಳೆದಾಗ ಅವು ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ, ಮೀನು ಬಾಯಲ್ಲಿ ಹಿಡಿದು ಒತ್ತಿದಾಗ ಮಾತ್ರ ಮೈ ಕುಗ್ಗಿ ಮೊನೆಗಳು ಹೊರಬರುತ್ತವೆ. ಅಂಗಡಿಯಲ್ಲಿ ಕೊಳ್ಳುವಾಗ ಬಣ್ಣಕ್ಕಿಂತ ಇದನ್ನು ಪರೀಕ್ಷಿಸಿ: ಎರಡು ಬೆರಳಲ್ಲಿ ಹಗುರವಾಗಿ ಒತ್ತಿದರೆ ಮೈ ಸಲೀಸಾಗಿ ಕುಗ್ಗಬೇಕು. ಗಟ್ಟಿ ರಬ್ಬರಿನ ಕಪ್ಪೆಯನ್ನು ಮೀನು ಕಚ್ಚಿದರೂ ಗಾಳ ನಾಟುವುದಿಲ್ಲ. ಬಣ್ಣದ ಬಗ್ಗೆ ಜನ ಬಹಳ ಮಾತಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕಪ್ಪು ಮತ್ತು ಹಸಿರು ಎರಡಿದ್ದರೆ ಸಾಕು. ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಬೆಳಕಿನೆದುರು ಆಕಾರವೇ ಮುಖ್ಯವಾಗಿ ಕಾಣುವುದು. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಲೈನ್ ಬಿಗಿಯಾಗಿದ್ದರೆ ಅದರಿಂದ ಮೀನು ತಪ್ಪುವುದಿಲ್ಲ, ಬಿಡಿಸುವಾಗ ಮಾತ್ರ ಮೀನಿಗೂ ನಮ್ಮ ಬೆರಳಿಗೂ ಬಹಳ ಉಪಕಾರವಾಗುತ್ತದೆ. ಉದ್ದ ಮೂತಿಯ ಇಕ್ಕಳ, ಕತ್ತರಿ, ಪೋಲರಾಯ್ಡ್ ಕನ್ನಡಕ, ಅಗಲ ಅಂಚಿನ ಟೋಪಿ ಇವಿಷ್ಟು ಜೊತೆಗಿರಲಿ. ಪೋಲರಾಯ್ಡ್ ಕನ್ನಡಕ ಶೋಕಿಯ ವಸ್ತುವಲ್ಲ, ನೀರಿನ ಮೇಲಿನ ಝಳವನ್ನು ಕಳೆದು ಒಳಗಿರುವುದನ್ನು ಕಾಣಿಸುತ್ತದೆ. ಎಸೆಯುವಾಗ ಹಾರಿ ಬರುವ ಗಾಳದಿಂದ ಕಣ್ಣನ್ನೂ ಕಾಯುತ್ತದೆ.

ನೀರನ್ನು ಓದುವುದು

ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ದಿನಗಳಲ್ಲಿ ಬೆಳಕು ಹರಿಯುವ ಮುನ್ನ ನೀರಿನ ಬಳಿ ಇದ್ದು ಎಂಟೂವರೆಯೊಳಗೆ ಮನೆಗೆ ಮರಳಬೇಕು, ಇಲ್ಲವೇ ಸೂರ್ಯ ಇಳಿದ ಮೇಲಿನ ಒಂದು ತಾಸನ್ನು ನೆಚ್ಚಬೇಕು. ಮುಂಗಾರಿನಲ್ಲಿ ಎರೆ ಹೊಲಗಳ ಮಣ್ಣು ತೊಳೆದು ಬಂದು ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅದು ಮರಲ್ ಮರಿಮಾಡುವ ಕಾಲವೂ ಆದ್ದರಿಂದ ಗಾಳವನ್ನು ಕಟ್ಟಿಡುವುದೇ ಸರಿ. ಕೆಸರು ಇಳಿದು ನೀರು ತಿಳಿಯಾಗುವ ಅಕ್ಟೋಬರ್‌ನಿಂದ ಚಳಿ ಬಲಿಯುವವರೆಗಿನ ಅವಧಿ ಹಾಗೂ ಶಿವರಾತ್ರಿ ಕಳೆದು ನೀರು ಬೆಚ್ಚಗಾಗುವ ದಿನಗಳು ಇಲ್ಲಿನ ಒಳ್ಳೆಯ ಕಾಲ. ಚಳಿಗಾಲದ ಮುಂಜಾನೆಯಲ್ಲಿ ಮೀನು ಮಂಕಾಗಿರುತ್ತದೆ, ಆಗ ಬಿಸಿಲೇರಿದ ನಂತರ ಹೋದರೂ ನಷ್ಟವಿಲ್ಲ.

ಕೆರೆಗೆ ಬಂದ ಕೂಡಲೇ ಗಾಳ ಎಸೆಯುವ ಆತುರ ಬಹಳ ಜನರಿಗೆ. ಮೊದಲ ಅರ್ಧ ತಾಸು ರಾಡ್ ಬಿಚ್ಚದೆ ಕೂತು ನೋಡುವುದನ್ನು ರೂಢಿಸಿಕೊಂಡರೆ ಉಳಿದ ಹೊತ್ತು ಫಲಕೊಡುತ್ತದೆ. ನೆರಳು ನೀರಿನ ಮೇಲೆ ಬೀಳದಂತೆ, ಕಾಲಿನ ಸದ್ದು ನೆಲಕ್ಕೆ ಇಳಿಯದಂತೆ ನಿಲ್ಲಬೇಕು. ಜೊಂಡಿನ ಅಂಚು, ಅಂತರಗಂಗೆಯ ನಡುವೆ ಬಿಟ್ಟ ತೆರಪು, ನೀರಿನಲ್ಲಿ ಮುಳುಗಿದ ಜಾಲಿಗಿಡ, ಒಡ್ಡಿನ ಕಲ್ಲುಗಳ ಸಾಲು, ಕೆರೆಗೆ ಹಳ್ಳ ಸೇರುವ ಬಾಯಿ ಇವು ನೋಡಬೇಕಾದ ಜಾಗಗಳು. ಕಳೆ ದಟ್ಟವಾಗಿರುವುದಕ್ಕಿಂತ ಕಳೆ ಮುಗಿದು ತಿಳಿನೀರು ಆರಂಭವಾಗುವ ಗೆರೆ ಮುಖ್ಯ, ಏಕೆಂದರೆ ಹೊಂಚು ಹಾಕುವ ಮೀನಿಗೆ ಮರೆಯೂ ಬೇಕು, ಮುಂದೆ ನುಗ್ಗಲು ಬಯಲೂ ಬೇಕು. ಸಣ್ಣ ಮೀನುಗಳು ಒಮ್ಮೆಲೇ ಚಿಮ್ಮಿ ಚದುರಿದರೆ ಕೆಳಗೆ ಯಾರೋ ಇದ್ದಾರೆಂದು ತಿಳಿಯಿರಿ.

ಮರಲ್ ಉಸಿರಿಗೆಂದು ಮೇಲೆ ಬಂದಾಗ ನೀರಿನ ಮೇಲೆ ಕಾಣುವುದು ಬಹಳ ಸಣ್ಣದು. ಮೂತಿಯ ತುದಿ ಮಾತ್ರ ಒಂದು ಕ್ಷಣ ಹೊರಬರುತ್ತದೆ, ‘ಪಚ್’ ಎಂಬ ಮೆಲ್ಲನೆಯ ಸದ್ದಾಗುತ್ತದೆ, ಉಂಗುರವೊಂದು ಹರಡುತ್ತದೆ, ಅದರ ಹಿಂದೆಯೇ ಒಂದೆರಡು ಗುಳ್ಳೆಗಳು ಏಳುತ್ತವೆ. ಕಟ್ಲಾ, ರೋಹು ಎಗರಿದಾಗ ಆಗುವ ದೊಡ್ಡ ಸಪ್ಪಳಕ್ಕೂ ಇದಕ್ಕೂ ವ್ಯತ್ಯಾಸ ಕೆಲವೇ ದಿನಗಳಲ್ಲಿ ಕಿವಿಗೆ ತಿಳಿಯುತ್ತದೆ. ಅದೇ ಜಾಗದಲ್ಲಿ ಮತ್ತೆ ಉಸಿರು ತೆಗೆದುಕೊಂಡರೆ ಮೀನು ಅಲ್ಲಿ ನೆಲೆ ಮಾಡಿದೆ ಎಂದರ್ಥ. ಮುಂದಿನ ಉಂಗುರ ಸ್ವಲ್ಪ ದೂರದಲ್ಲಿ ಕಂಡರೆ ಅದು ಅಂಚಿನುದ್ದಕ್ಕೂ ಸಾಗುತ್ತಿದೆ. ಕಾರಂಜಾ ಹಿನ್ನೀರಿನಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ನಾನು ಗುಳ್ಳೆಯ ಮೇಲೆಯೇ ಗುರಿಯಿಟ್ಟದ್ದನ್ನು ಕಂಡು, “ಗುಳ್ಳಿ ಎದ್ದಲ್ಲಿ ಒಗಿಬ್ಯಾಡ್ರಿ ಸರ, ಅದರ ಮುಂದ ಮೂರು ಮಾರು ಒಗೀರಿ, ತಾನs ಬಂದು ನೋಡ್ತದ” ಎಂದರು. ಈ ಮೀನಿಗೆ ಸಂಬಂಧಿಸಿ ನಾನು ಕೇಳಿದ ಸಲಹೆಗಳಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ. ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ಮರಲ್ ಹಸಿವಿಗಿಂತ ಭಯದಲ್ಲಿರುತ್ತದೆ, ಕೊಕ್ಕರೆ ಅದನ್ನು ಕುಟ್ಟುವುದೂ ಆಗಲೇ. ತಲೆಯ ಮೇಲೆ ಏನಾದರೂ ಬಿದ್ದರೆ ಅದು ಓಡುತ್ತದೆ. ಒಂದಿಷ್ಟು ಆಚೆ ಕಪ್ಪೆ ಬಿದ್ದ ಸದ್ದು ಕೇಳಿದರೆ ತಿರುಗಿ ನೋಡುತ್ತದೆ.

ಎಸೆತ, ಎಳೆತ, ಕಚ್ಚಿದ ಕ್ಷಣ

ಎಸೆಯುವುದನ್ನು ಮನೆಯ ಅಂಗಳದಲ್ಲಿಯೋ ಹೊಲದಲ್ಲಿಯೋ ಗಾಳವಿಲ್ಲದ ತೂಕ ಕಟ್ಟಿಕೊಂಡು ಅಭ್ಯಾಸ ಮಾಡಬೇಕು. ದೂರ ಹೋಗುವುದಕ್ಕಿಂತ ಬಕೀಟಿನಷ್ಟು ಅಗಲದ ಗುರಿಯಲ್ಲಿ ಬೀಳುವುದು ಮುಖ್ಯ. ನೀರಿನ ಬಳಿ, ಗುರಿಯಾಚೆಗಿನ ಕಳೆಯ ಮೇಲೋ ದಂಡೆಯ ಮೇಲೋ ಕಪ್ಪೆ ಬೀಳುವಂತೆ ಎಸೆದು, ಅಲ್ಲಿಂದ ಮೆಲ್ಲಗೆ ನೀರಿಗೆ ಜಾರಿಸಿದರೆ ಅದು ನಿಜವಾದ ಕಪ್ಪೆ ನೀರಿಗಿಳಿದಂತೆಯೇ ಕಾಣುತ್ತದೆ. ಮೊದಲ ಉಂಗುರಗಳು ಅಡಗುವವರೆಗೆ ಕೈ ಅಲುಗಿಸಬಾರದು. ಆಮೇಲೆ ರಾಡ್‌ನ ತುದಿಯನ್ನು ಕೆಳಮುಖವಾಗಿ ಹಿಡಿದು ಮಣಿಕಟ್ಟಿನಿಂದ ಚಿಕ್ಕಚಿಕ್ಕದಾಗಿ ಮಿಡಿಯುತ್ತ, ನಡುವೆ ರೀಲ್ ಸುತ್ತಿ ಸಡಿಲವನ್ನು ತೆಗೆದುಕೊಳ್ಳುತ್ತ ತರಬೇಕು. ತೆರಪು ಬಂದಲ್ಲಿ ನಿಲ್ಲಿಸಬೇಕು. ಹೆಚ್ಚಿನ ಮೀನುಗಳು ಕಚ್ಚುವುದು ಕಪ್ಪೆ ಓಡುವಾಗ ಅಲ್ಲ, ನಿಂತು ಮತ್ತೆ ಅಲುಗಿದ ಆ ಮೊದಲ ಅಲುಗಾಟಕ್ಕೆ.

ಕೆಲವೊಮ್ಮೆ ಕಪ್ಪೆಯ ಹಿಂದೆ ನೀರು ಬಾಣದಾಕಾರದಲ್ಲಿ ಉಬ್ಬಿ ಬರುವುದು ಕಾಣುತ್ತದೆ. ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ, ಆದರೆ ವೇಗ ಬದಲಿಸಬಾರದು. ಮರುಕ್ಷಣ ನೀರು ಸಿಡಿದು ಕಪ್ಪೆ ಮಾಯವಾಗುತ್ತದೆ. ಆಗ ತಕ್ಷಣ ಜಗ್ಗುವುದೇ ಹೊಸಬರ ಸಾಮಾನ್ಯ ತಪ್ಪು. ಮರಲ್ ಕಪ್ಪೆಯನ್ನು ಮೊದಲು ಹಲ್ಲಿನಲ್ಲಿ ಕಚ್ಚಿ ಹಿಡಿದು, ತಿರುಗಿ ಕೆಳಗಿಳಿಯುತ್ತ ಒಳಕ್ಕೆಳೆದುಕೊಳ್ಳುತ್ತದೆ. ಸಿಡಿದ ಕೂಡಲೇ ಜಗ್ಗಿದರೆ ತೆರೆದ ಬಾಯಿಂದ ಕಪ್ಪೆ ಹಾರಿ ಮುಖದ ಕಡೆಗೇ ಬರುತ್ತದೆ. ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಸಿ, ಸಡಿಲವಾದ ಲೈನನ್ನು ಸುತ್ತಿಕೊಂಡು, ಮೀನಿನ ಭಾರ ಕೈಗೆ ತಿಳಿದ ಮೇಲೆ ಗಟ್ಟಿಯಾಗಿ ಮೇಲಕ್ಕೆ ಜಗ್ಗಬೇಕು. ಅಲ್ಲಿಂದಾಚೆ ಕರುಣೆಯಿಲ್ಲದೆ ರೀಲ್ ಸುತ್ತಬೇಕು. ಲೈನ್ ಬಿಚ್ಚಿಕೊಳ್ಳದಂತೆ ತಡೆಯುವ ರೀಲಿನ ಬಿಗಿತವನ್ನು (ಡ್ರ್ಯಾಗ್) ಮೊದಲೇ ಹೆಚ್ಚಿಸಿ ಇಟ್ಟುಕೊಂಡಿದ್ದರೆ ಮೀನಿನ ತಲೆ ನೀರಿನ ಮೇಲೆಯೇ ಉಳಿದು, ಕಳೆಯ ಮೇಲೆ ಜಾರುತ್ತ ದಂಡೆಗೆ ಬರುತ್ತದೆ. ಒಂದು ವೇಳೆ ಅದು ಬುಡಕ್ಕೆ ನುಗ್ಗಿ ಸಿಕ್ಕಿಕೊಂಡರೆ ಜಗ್ಗಾಡುವುದನ್ನು ನಿಲ್ಲಿಸಿ, ಲೈನನ್ನು ಸ್ವಲ್ಪ ಸಡಿಲಬಿಟ್ಟು ಕಾಯಿರಿ. ಒತ್ತಡ ಹೋಯಿತೆಂದು ತಾನಾಗಿಯೇ ಹೊರಬರುವುದುಂಟು.

ಕಚ್ಚಲು ಬಂದು ತಪ್ಪಿಹೋದ ಮೀನನ್ನು ಬಿಟ್ಟು ಹೋಗಬೇಕಿಲ್ಲ. ಬಾಸ್ ಮತ್ತು ಮರಲ್ ಎರಡಕ್ಕೂ ಈ ಗುಣವಿದೆ, ಸ್ವಲ್ಪ ಹೊತ್ತು ಬಿಟ್ಟು ಅದೇ ಜಾಗಕ್ಕೆ ಬೇರೆ ಎರೆಯನ್ನು ನಿಧಾನವಾಗಿ ತಂದರೆ ಮತ್ತೆ ಎದ್ದು ಬರುತ್ತವೆ. ಆ ಕಾಯುವ ಹೊತ್ತಿನಲ್ಲಿ ಮನಸ್ಸು ಇಡಿಯಾಗಿ ಒಂದೇ ಕಡೆ ನೆಟ್ಟಿರುತ್ತದೆ. ಕಚೇರಿ, ಸಾಲ, ಫೋನು ಯಾವುದೂ ಅಲ್ಲಿಗೆ ಬರುವುದಿಲ್ಲ. ನಾನು ಈ ಹವ್ಯಾಸವನ್ನು ಇತರರಿಗೆ ಹೇಳುವಾಗ ಮೀನಿನ ತೂಕಕ್ಕಿಂತ ಇದನ್ನೇ ಮೊದಲು ಹೇಳುತ್ತೇನೆ. ಬರಿಗೈಯಲ್ಲಿ ಮರಳುವ ದಿನಗಳೇ ಹೆಚ್ಚು, ಆದರೆ ಆ ದಿನಗಳಲ್ಲಿಯೂ ಮಿಂಚುಳ್ಳಿ ನೀರಿಗೆ ಧುಮುಕುವುದನ್ನು, ನೀರುಕಾಗೆ ರೆಕ್ಕೆ ಒಣಗಿಸುವುದನ್ನು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಕಡಲೆ ಹೊಲಗಳ ಕಡೆಯಿಂದ ಕೆರೆಗೆ ಇಳಿಯುವುದನ್ನು ಕಂಡಿರುತ್ತೇವೆ. ನೆರಳಿನಲ್ಲಿ ಕೂತು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿನ್ನುವಾಗ ಎಮ್ಮೆ ಕಾಯುವವರು ಬಂದು ಮಾತಿಗೆ ಕೂರುತ್ತಾರೆ, ಮತ್ತು ಹೋದ ವರ್ಷದ ಬರದಲ್ಲಿ ಆ ಕೆರೆಯ ಯಾವ ಮೂಲೆಯಲ್ಲಿ ಕೊನೆಯವರೆಗೆ ನೀರು ಉಳಿದಿತ್ತೆಂದು ಹೇಳಿ ಹೋಗುತ್ತಾರೆ. ಆ ಮಾಹಿತಿ ಯಾವ ನಕ್ಷೆಯಲ್ಲಿಯೂ ಸಿಗದು.

ಕೈಗೆ ಬಂದ ಮೀನು

ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಅದರ ಮೈಮೇಲಿನ ಲೋಳೆ ರೋಗಗಳಿಂದ ಕಾಯುವ ಕವಚ. ಒಣಗೈ, ಒಣಬಟ್ಟೆ ಅದನ್ನು ಕಿತ್ತುಹಾಕುತ್ತವೆ. ನಮ್ಮ ಒಡ್ಡುಗಳ ಕರಿಕಲ್ಲು ಬೆಳಗಿನ ಹತ್ತಕ್ಕೇ ಕಾದಿರುತ್ತದೆ, ಅದರ ಮೇಲೆ ಮೀನನ್ನು ಇಟ್ಟು ಫೋಟೊ ತೆಗೆಯುವುದು ಕ್ರೌರ್ಯವೇ ಸರಿ. ಮರಲ್ ಗಾಳಿ ಉಸಿರಾಡುವ ಮೀನಾದ್ದರಿಂದ ನೀರಿನ ಹೊರಗೆ ಬೇರೆ ಮೀನಿಗಿಂತ ಹೆಚ್ಚು ಹೊತ್ತು ತಡೆಯುತ್ತದೆ, ಹಾಗೆಂದು ಸುಟ್ಟ ಚರ್ಮ ಮಾಯುವುದಿಲ್ಲ. ಒದ್ದೆ ಹುಲ್ಲಿನ ಮೇಲೆ ಅಥವಾ ನೀರಿನಲ್ಲಿಯೇ ಇಟ್ಟು, ಬಾಯೊಳಗೆ ಬೆರಳು ತೂರಿಸದೆ, ಇಕ್ಕಳದಿಂದ ಗಾಳ ಬಿಡಿಸಿ. ಹಲ್ಲುಗಳು ಚೂಪಾಗಿವೆ. ಎತ್ತುವಾಗ ಒಂದು ಕೈ ಹೊಟ್ಟೆಯ ಕೆಳಗಿರಲಿ, ದವಡೆ ಹಿಡಿದು ತೂಗುಹಾಕಬೇಡಿ. ಗಾಳ ಗಂಟಲಿನ ಆಳಕ್ಕೆ ಇಳಿದಿದ್ದರೆ ಎಳೆದಾಡದೆ ಲೈನನ್ನು ಸಮೀಪದಲ್ಲಿ ಕತ್ತರಿಸಿಬಿಡುವುದು ಮೀನು ಬದುಕುವ ದಾರಿ.

ಹಿಡಿದು ಬಿಡುವ ಪದ್ಧತಿ ಬಾಸ್ ಹವ್ಯಾಸಿಗಳಲ್ಲಿ ವ್ಯಾಪಕವಾದದ್ದು 1972ರ ನಂತರ, ಅಮೆರಿಕದಲ್ಲಿ ಬಾಸ್ ಸ್ಪರ್ಧೆಗಳನ್ನು ನಡೆಸುತ್ತಿದ್ದ ರೇ ಸ್ಕಾಟ್ ಅವರು ಸ್ಪರ್ಧೆಗಳಲ್ಲಿ ಹಿಡಿದ ಮೀನನ್ನು ಜೀವಂತವಾಗಿ ಮರಳಿ ಬಿಡುವ ಕ್ರಮವನ್ನು ತಂದಾಗ. ನಮ್ಮಲ್ಲಿ ಎಲ್ಲ ಮೀನನ್ನೂ ಬಿಡಬೇಕೆಂದು ನಾನು ಹೇಳುವುದಿಲ್ಲ. ಒಪ್ಪಿಗೆಯಿರುವ ಕೆರೆಯಲ್ಲಿ ಊಟಕ್ಕೆ ಬೇಕಾದಷ್ಟು ಒಂದು ಮಧ್ಯಮ ಗಾತ್ರದ ಮೀನನ್ನು ತರುವುದರಲ್ಲಿ ತಪ್ಪಿಲ್ಲ. ಮರಲ್‌ನಲ್ಲಿ ಸಣ್ಣ ಮುಳ್ಳುಗಳು ಕಡಿಮೆ, ಹುಣಸೆ ಮತ್ತು ಕೆಂಪು ಖಾರದ ಸಾರಿನಲ್ಲಿ ಅದರ ರುಚಿಯನ್ನು ಬಲ್ಲವರೇ ಬಲ್ಲರು. ತರುವುದಾದರೆ ಚೀಲದಲ್ಲಿ ಗಂಟೆಗಟ್ಟಲೆ ಒದ್ದಾಡಲು ಬಿಡದೆ ತಲೆಗೆ ಒಂದೇ ಏಟಿನಲ್ಲಿ ಮುಗಿಸಿ, ಐಸ್ ಇರುವ ಡಬ್ಬಿಯಲ್ಲಿಡಬೇಕು. ಬಹಳ ದೊಡ್ಡವನ್ನು ಬಿಡಿ. ಅವು ಹೆಚ್ಚು ಮೊಟ್ಟೆಯಿಡುವ ತಾಯಿಗಳು.

ಒಂದು ವಿಷಯದಲ್ಲಿ ಮಾತ್ರ ವಿನಾಯಿತಿ ಇರಕೂಡದು. ನೀರಿನ ಮೇಲ್ಭಾಗದಲ್ಲಿ ಕೇಸರಿ ಮಿಶ್ರಿತ ಕೆಂಪು ಬಣ್ಣದ ನೂರಾರು ಪುಟ್ಟ ಮರಿಗಳು ಒಂದು ಮುದ್ದೆಯಾಗಿ, ಮಳೆಹನಿ ಬಿದ್ದಂತೆ ನೀರನ್ನು ಚುಚ್ಚುತ್ತ ಸಾಗುವುದನ್ನು ಕಂಡರೆ, ಅದರ ಕೆಳಗೆ ತಂದೆತಾಯಿ ಮೀನುಗಳು ಇವೆ ಎಂದು ತಿಳಿಯಬೇಕು. ಮರಿಗಳ ಮೇಲೆ ಕಪ್ಪೆಯನ್ನು ಎಸೆದರೆ ಅವು ಹಸಿವಿನಿಂದಲ್ಲ, ಮರಿಗಳನ್ನು ಉಳಿಸುವ ಸಿಟ್ಟಿನಿಂದ ಖಂಡಿತವಾಗಿ ಕಚ್ಚುತ್ತವೆ. ಅದಕ್ಕೆಂದೇ ಕೆಲವರು ಇಂಥ ಮರಿಗುಂಪುಗಳನ್ನು ಹುಡುಕಿಕೊಂಡು ಅಲೆಯುತ್ತಾರೆ, ಹಿಡಿದ ಜೋಡಿಯನ್ನು ತೂಗಿ ತೋರಿಸುತ್ತಾರೆ. ಕಾವಲು ತಪ್ಪಿದ ಮರಿಗಳನ್ನು ಜಿಲೇಬಿ (ತಿಲಾಪಿಯ) ಮೀನುಗಳೂ ಹಕ್ಕಿಗಳೂ ಸ್ವಲ್ಪ ಹೊತ್ತಿನಲ್ಲಿಯೇ ಮುಗಿಸುತ್ತವೆ. ಹಿಡಿದ ತಾಯಿಯನ್ನು ಆಮೇಲೆ ಬಿಟ್ಟರೂ ನಡುವಿನ ಹೊತ್ತಿನಲ್ಲಿ ಆಗುವ ನಾಶ ಆಗಿಯೇ ಇರುತ್ತದೆ. ಮರಿಗುಂಪು ಕಂಡಲ್ಲಿ ಗಾಳ ಸುತ್ತಿಕೊಂಡು ಬೇರೆ ಅಂಚಿಗೆ ಹೋಗಿ, ಜೊತೆಯವರಿಗೂ ಹೇಳಿ.

ಮಕ್ಕಳನ್ನು ಕರೆದುಕೊಂಡು ಹೋಗುವವರು ಮರಲ್ ಬದಲು ಬೆಂಡು ಕಟ್ಟಿದ ಬಿದಿರಿನ ಗಳ, ಸಣ್ಣ ಗಾಳ, ಗೋಧಿ ಹಿಟ್ಟಿನ ಉಂಡೆ ಅಥವಾ ಎರೆಹುಳುವಿನಿಂದ ಆರಂಭಿಸಲಿ. ಜಿಲೇಬಿ ಮೀನು ಬೇಗ ಕಚ್ಚುತ್ತದೆ, ಬೆಂಡು ಮುಳುಗುವುದನ್ನು ಕಾಯುವುದರಲ್ಲಿ ಮಕ್ಕಳ ಕಣ್ಣು ಪಳಗುತ್ತದೆ.

ಅಪಾಯಗಳು ಮತ್ತು ಮನೆಗೆ ಬಂದ ಮೇಲಿನ ಕೆಲಸ

ಎರೆ ಮಣ್ಣಿನ ಕೆರೆಯಂಗಳ ಮೇಲೆ ಒಣಗಿ ಬಿರುಕುಬಿಟ್ಟಿದ್ದರೂ ನೀರಿನ ಹತ್ತಿರ ಕೆಳಗೆ ಹಸಿಯಾಗಿಯೇ ಇರುತ್ತದೆ. ಕಾಲಿಟ್ಟರೆ ಮೊಣಕಾಲಿನವರೆಗೆ ಹೂತು ಹೊರಬರುವುದೇ ಕಷ್ಟ. ಕೋಲಿನಿಂದ ಕುಟ್ಟಿ ನೋಡದೆ ಮುಂದಡಿ ಇಡಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅಲ್ಲಿ ನೀರಿಗಿಳಿದು ಗಾಳ ಬಿಡಿಸುವ ಸಾಹಸ ಸಲ್ಲದು, ಅಂಚಿಗೆ ತೀರ ಹತ್ತಿರ ಕೂರುವುದೂ ಸಲ್ಲದು. ಅಣೆಕಟ್ಟೆ ಮತ್ತು ಬ್ಯಾರೇಜುಗಳ ಕೆಳಗಿನ ಪಾತ್ರದಲ್ಲಿ ಗೇಟು ತೆರೆದರೆ ನೀರು ನಿಮಿಷಗಳಲ್ಲಿ ಏರುತ್ತದೆ. ಮೇಲೆ ಮಹಾರಾಷ್ಟ್ರದಲ್ಲಿ ಮಳೆಯಾದರೆ ಇಲ್ಲಿ ಆಕಾಶ ತಿಳಿಯಾಗಿದ್ದಾಗಲೂ ಭೀಮೆ ಏರಬಹುದು. ಕಾರ್ಬನ್ ರಾಡ್‌ಗಳು ವಿದ್ಯುತ್ತನ್ನು ಹರಿಸುತ್ತವೆ. ಹೊಲದ ಪಂಪ್‌ಸೆಟ್ ತಂತಿಗಳ ಕೆಳಗೆ ಅವನ್ನು ಎತ್ತಿ ನಡೆಯಬಾರದು, ಗುಡುಗು ಕೇಳಿದ ಕೂಡಲೇ ಕೆಳಗಿಟ್ಟು ದೂರ ಸರಿಯಬೇಕು. ಹಾವು ಜೊಂಡಿನಲ್ಲಿ ಇದ್ದೇ ಇರುತ್ತವೆ, ಗಟ್ಟಿ ಬೂಟು ಹಾಕಿರಿ. ಒಬ್ಬರೇ ಹೋಗುವುದಾದರೆ ಯಾವ ಕೆರೆಗೆ, ಎಷ್ಟು ಹೊತ್ತಿಗೆ ಮರಳುವುದು ಎಂದು ಮನೆಯಲ್ಲಿ ಹೇಳಿ ಹೊರಡಬೇಕು. ಎರಡು ಲೀಟರಿಗಿಂತ ಕಡಿಮೆ ನೀರು ಒಯ್ಯಬೇಡಿ.

ಮನೆಗೆ ಬಂದ ಸಂಜೆಯೇ ಒಂದು ನೋಟುಪುಸ್ತಕದಲ್ಲಿ ದಿನಾಂಕ, ಗಾಳಿ ಬೀಸಿದ ದಿಕ್ಕು, ನೀರಿನ ಬಣ್ಣ ಮತ್ತು ಮಟ್ಟ, ಉಂಗುರಗಳು ಕಂಡ ಜಾಗ, ಕಚ್ಚಿದ ಹೊತ್ತು ಇವನ್ನು ಬರೆದಿಡಿ. ಮೀನು ಸಿಗದ ದಿನವನ್ನೂ ಬರೆಯಿರಿ, ಏಕೆಂದರೆ ಮುಂದಿನ ವರ್ಷ ಅದೇ ತಿಂಗಳಲ್ಲಿ ಯಾವ ಅಂಚಿಗೆ ಹೋಗಬಾರದೆಂದು ಹೇಳುವುದು ಆ ಪುಟಗಳೇ. ರೀಲನ್ನು ಒದ್ದೆ ಬಟ್ಟೆಯಿಂದ ಒರೆಸಿ ಧೂಳು ತೆಗೆಯಿರಿ, ರಬ್ಬರ್ ಕಪ್ಪೆಯೊಳಗೆ ಸೇರಿದ ನೀರನ್ನು ಹಿಂಡಿ ಒಣಗಿಸಿ, ಗಾಳದ ಮೊನೆ ಮೊಂಡಾಗಿದ್ದರೆ ಸಣ್ಣ ಅರದಿಂದ ಉಜ್ಜಿಡಿ. ಲೈನಿನ ಕೊನೆಯ ಎರಡು ಮಾರನ್ನು ಬೆರಳ ನಡುವೆ ಎಳೆದು ನೋಡಿ ಒರಟಾಗಿದ್ದರೆ ಕತ್ತರಿಸಿ ಹೊಸ ಗಂಟು ಹಾಕಿಡಿ. ಕತ್ತರಿಸಿದ ತುಂಡುಗಳನ್ನು, ದಂಡೆಯಲ್ಲಿ ಬೇರೆಯವರು ಬಿಟ್ಟುಹೋದ ಲೈನ್ ಸಿಕ್ಕಿದ್ದರೆ ಅದನ್ನೂ, ಬೆರಳುದ್ದಕ್ಕೆ ಕತ್ತರಿಸಿ ಕಸದ ಬುಟ್ಟಿಗೆ ಹಾಕಬೇಕು. ಉದ್ದ ಲೈನ್ ಕೆರೆಯ ಬಳಿ ಉಳಿದರೆ ಬೆಳ್ಳಕ್ಕಿಯ ಕಾಲಿಗೋ ಎಮ್ಮೆಯ ಹೊಟ್ಟೆಗೋ ಸೇರುತ್ತದೆ.